ಕಪ್ಪು ಕುದುರೆ ಬಿಸಿಲಿಗೆ ಕೆಂಪಾಗದಂತೆ ನೋಡಿಕೊಂಡ ಕಥೆ

ಮೊದಲೇ ಹೇಳಿಬಿಡುತ್ತೇನೆ. ಬಿಸಿಲಿಗೆ ಒಮ್ಮೆ ಕೆಂಪಾದ ಕುದುರೆ ಕೂದಲನ್ನು ಮತ್ತೆ ಕಪ್ಪು ಮಾಡುವ ಎಣ್ಣೆ, ಸೊಪ್ಪು, ಶಾಂಪೂ ಯಾವುದೂ ಇಲ್ಲ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವ ಇರುವುದಿಲ್ಲ, ಅದರ ಬಣ್ಣ ಹೋದರೆ ಹೋಯಿತು. ಅದು ಉದುರುವವರೆಗೆ ಕಾಯಬೇಕು, ಆಮೇಲೆ ಬರುವ ಹೊಸ ಕೂದಲನ್ನು ಜೋಪಾನ ಮಾಡಬೇಕು. ಹೇಳುವುದು ಸುಲಭ. ಚಿಕ್ಕಮಗಳೂರಿನ ಆಲ್ದೂರು ಕಡೆ ನಮ್ಮ ಕಾಫಿ ತೋಟದಲ್ಲಿ ಇದನ್ನು ಮಾಡಲು ಹೋದಾಗ ದರ್ಜಿಯಿಂದ ಹಿಡಿದು ಚಿರತೆಯವರೆಗೆ ಎಲ್ಲವೂ ಲೆಕ್ಕಕ್ಕೆ ಬಂತು. ಹುಡುಕಿದರೆ ಸಿಗುವ ಸಲಹೆಗಳೆಲ್ಲ ಹೊರದೇಶದವು, ಅರ್ಧ ನಮ್ಮ ಮಲೆನಾಡಿಗೆ ಹೊಂದುತ್ತವೆ, ಇನ್ನರ್ಧ ಹೊಂದುವುದೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕುದುರೆ ಹೆಣ್ಣು, ಮಾರ್ವಾರಿ ಮಿಶ್ರ ತಳಿ. ಮಾರ್ವಾರಿ ಎಂದರೆ ಕಿವಿ ನೋಡಿದರೆ ಸಾಕು, ತುದಿ ಒಳಗೆ ಬಾಗಿ ಒಂದಕ್ಕೊಂದು ತಾಗುವ ಹಾಗಿರುತ್ತದೆ. ದೀಪಾವಳಿ ಹೊತ್ತಿಗೆ ಮನೆಗೆ ಬಂದಾಗ ಎಷ್ಟು ಕಪ್ಪಗಿದ್ದಳೆಂದರೆ ಮಗಳು ಕಾಡಿಗೆ ಅಂತಲೇ ಹೆಸರಿಟ್ಟಳು. ಯುಗಾದಿ ಬರುವಷ್ಟರಲ್ಲಿ ಪಕ್ಕೆ, ಬೆನ್ನು, ತೊಡೆ ಎಲ್ಲ ಕೆಂಪು ಕಂದು. ಜೂಲಿನ ತುದಿಯಂತೂ ಕಿತ್ತಳೆ. ತೋಟದ ಕೆಲಸಕ್ಕೆ ಬರುವ ಹುಡುಗರು "ಅಣ್ಣ, ಇದು ಕಾಡಿಗೆ ಅಲ್ಲ, ಚಿಕೋರಿ ಜಾಸ್ತಿ ಹಾಕಿದ ಕಾಫಿ ಪುಡಿ" ಅಂತ ನಗಾಡಿದರು. ನಗು ನನಗೂ ಬಂತು, ಆದರೆ ಹೊಟ್ಟೆ ಉರಿಯದೇ ಇರಲಿಲ್ಲ.

ಔಷಧಿ ಹುಡುಕುವ ಮೊದಲು ಕುದುರೆ ನಿಜವಾಗಿ ಕಪ್ಪೇ ಅಂತ ನೋಡಬೇಕು ಅಂದರು ನಮ್ಮ ಪಶುವೈದ್ಯರು. ತುಂಬಾ ಜನ ಕಪ್ಪು ಅಂತ ಕೊಂಡುಕೊಳ್ಳುವುದು ಕಡು ಕಂದು ಕುದುರೆಯನ್ನು. ಮೂತಿಯ ಸುತ್ತ, ಕಣ್ಣಿನ ಸುತ್ತ, ಹಿಂಗಾಲು ಹೊಟ್ಟೆಗೆ ಸೇರುವ ಮೆತ್ತನೆಯ ಜಾಗದಲ್ಲಿ ಕಂದು ಬಣ್ಣ ಇದ್ದರೆ ಅದು ಹುಟ್ಟು ಬಣ್ಣ, ಅದಕ್ಕೆ ಬಿಸಿಲನ್ನು ಬೈದು ಪ್ರಯೋಜನವಿಲ್ಲ. ಕಾಡಿಗೆಗೆ ಆ ಜಾಗಗಳೆಲ್ಲ ಅಚ್ಚ ಕಪ್ಪು. ಆಮೇಲೆ ಅವರು ಬೆನ್ನಿನ ಮೇಲೆ ಎರಡೂ ಹೆಬ್ಬೆರಳಿಟ್ಟು ಕೂದಲನ್ನು ಬೈತಲೆ ತೆಗೆದ ಹಾಗೆ ಬಿಡಿಸಿ ತೋರಿಸಿದರು. ಬುಡದಲ್ಲಿ ಕಪ್ಪು, ನಡುವೆ ಕಂದು, ತುದಿಯಲ್ಲಿ ತುಕ್ಕಿನ ಬಣ್ಣ. ಒಂದೇ ಕೂದಲಿನಲ್ಲಿ ಮೂರು ಬಣ್ಣ! ಬುಡ ಕಪ್ಪಗಿದ್ದರೆ ತಪ್ಪು ಹೊರಗಿನ ಬಿಸಿಲಿನದು, ಬುಡದಿಂದಲೇ ಕೆಂಪಾಗಿ ಹುಟ್ಟುತ್ತಿದ್ದರೆ ಮೇವಿನ ಕಡೆ ನೋಡಬೇಕು ಅಂತ ಅವರ ಲೆಕ್ಕ. ನಮ್ಮದರಲ್ಲಿ ಬೆನ್ನಿನ ಮೇಲೆ ಬುಡ ಚೆನ್ನಾಗಿತ್ತು, ಕುತ್ತಿಗೆ ಕೆಳಗೆ ಮಾತ್ರ ಬುಡವೂ ಸ್ವಲ್ಪ ಮಂಕಾಗಿತ್ತು. ಅಂದರೆ ಎರಡೂ ಕಡೆ ಕೆಲಸ ಇತ್ತು.

ಕಪ್ಪು ಬಣ್ಣ ಕೊಡುವುದು ಮೆಲನಿನ್. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಅದನ್ನು ಒಡೆದು ಹಾಕುತ್ತದೆ. ಕೆಲವು ಕಪ್ಪು ಕುದುರೆಗಳು ಎಷ್ಟು ಬಿಸಿಲಲ್ಲಿ ನಿಂತರೂ ಹಾಗೇ ಇರುತ್ತವೆ, ಕೆಲವು ಒಂದೇ ಬೇಸಿಗೆಗೆ ಕೆಂಪಾಗುತ್ತವೆ. ಹುಟ್ಟಿನಿಂದ ಬಂದ ಈ ವ್ಯತ್ಯಾಸಕ್ಕೆ ಯಾರೂ ಏನೂ ಮಾಡಲಾಗದು. ಆದ್ದರಿಂದ ಪಕ್ಕದ ತೋಟದವರ ಕುದುರೆ ದಿನವಿಡೀ ಬಯಲಲ್ಲಿ ನಿಂತೂ ಮಿರಮಿರ ಮಿಂಚುತ್ತಿದ್ದರೆ ಅದು ಅವರ ಅದೃಷ್ಟ, ಅಷ್ಟೇ.

ನಮ್ಮ ಕಡೆಯವರಿಗೆ ಒಂದು ಭ್ರಮೆ ಇದೆ. ಚಿಕ್ಕಮಗಳೂರು ತಂಪು, ಇಲ್ಲಿ ಬಿಸಿಲು ಎಲ್ಲಿಂದ ಬಂತು, ಬಿಸಿಲು ಅಂದರೆ ಕಡೂರು ಅಂತ. ಗಾಳಿ ತಣ್ಣಗಿರುವುದು ನಿಜ. ಆದರೆ ನಾವು ಇರುವುದು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,000 ಮೀಟರ್ ಎತ್ತರದಲ್ಲಿ. ಮೇಲೆ ಹೋದಷ್ಟೂ ಅತಿನೇರಳೆ ಕಿರಣ ಜಾಸ್ತಿ. ಅದರ ಮೇಲೆ ನಮ್ಮ ಅಕ್ಷಾಂಶ 13 ಡಿಗ್ರಿ, ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಆಗಸ್ಟ್ ಮಧ್ಯದಲ್ಲಿ ಇನ್ನೊಂದು ಸಲ ಬರುತ್ತಾನೆ, ಆಗ ಮೋಡ ಮುಚ್ಚಿಕೊಂಡಿರುವುದರಿಂದ ಬಚಾವು. ಮೈಗೆ ಸೆಕೆ ಆಗಲಿಲ್ಲ ಅಂತ ಕೂದಲು ಸುಡಲಿಲ್ಲ ಅಂದುಕೊಳ್ಳಬಾರದು.

ಹೊರದೇಶದವರ ಮೊದಲ ಸಲಹೆ ಏನು ಗೊತ್ತಾ? ಹಗಲು ಲಾಯದಲ್ಲಿ ಕಟ್ಟಿ, ರಾತ್ರಿ ಮೇಯಲು ಬಿಡಿ. ಒಳ್ಳೆಯ ಸಲಹೆ, ಅಲ್ಲಿಗೆ. ಇಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಕುದುರೆ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ನಮ್ಮ ಭಾಗದಲ್ಲಿ ಚಿರತೆ ನಾಯಿಗಳನ್ನು ಹೊತ್ತುಕೊಂಡು ಹೋಗುವುದು ಮಾಮೂಲು, ಆನೆ ಬಂತೆಂದರೆ ಬೇಲಿ ಅನ್ನುವುದೇ ಉಳಿಯಲ್ಲ. ಸಂಜೆ ಕತ್ತಲಾಗುವಾಗ ಕಚ್ಚುವ ಸಣ್ಣ ನೊಣಗಳ ಕಾಟ ಬೇರೆ, ಅವು ಕಚ್ಚಿದರೆ ಕುದುರೆ ಜೂಲನ್ನೂ ಬಾಲದ ಬುಡವನ್ನೂ ಕಂಬಕ್ಕೆ ಉಜ್ಜಿ ಉಜ್ಜಿ ಬೋಳು ಮಾಡಿಕೊಳ್ಳುತ್ತದೆ.

ಹಾಗಾಗಿ ನಾವು ಹೊತ್ತು ಹಂಚಿದೆವು. ಬೆಳಕು ಹರಿದ ಕೂಡಲೇ ಬಿಡುವುದು, ಒಂಬತ್ತಕ್ಕೆ ಒಳಗೆ. ಮತ್ತೆ ನಾಲ್ಕೂವರೆ ಮೇಲೆ ಬಿಟ್ಟು, ಕತ್ತಲಾಗುವ ಮೊದಲು ಕಟ್ಟುವುದು. ಮಧ್ಯದ ಹೊತ್ತು ಲಾಯದಲ್ಲಿ. ಇಡೀ ದಿನ ಕಟ್ಟಿಹಾಕಿದರೆ ಕುದುರೆಗೆ ತಲೆ ಕೆಡುತ್ತದೆ, ಬಾಗಿಲು ಕಡಿಯುವುದು, ತಲೆ ಆಡಿಸುತ್ತಾ ನಿಲ್ಲುವುದು ಶುರುವಾಗುತ್ತದೆ. ಅದಕ್ಕೆ ಲಾಯದ ಪಕ್ಕದಲ್ಲೇ ಓಡಾಡಲು ಜಾಗ ಮಾಡಿ, ಮೇಲೆ ಕಾಫಿ ನರ್ಸರಿಗೆ ಕಟ್ಟುವ ಹಸಿರು ಶೇಡ್ ನೆಟ್ ಎಳೆದೆವು. ನೆಟ್ಟನ್ನು ಕುದುರೆ ತಲೆ ಎತ್ತಿದರೂ ಸಿಗದಷ್ಟು ಎತ್ತರಕ್ಕೆ ಬಿಗಿಯಾಗಿ ಕಟ್ಟಬೇಕು. ಜೋತುಬಿದ್ದರೆ ಬಾಯಿ ಹಾಕಿ ಎಳೆಯುತ್ತದೆ, ದಾರ ಹೊಟ್ಟೆಗೆ ಹೋದರೆ ಹೊಟ್ಟೆನೋವು ಕಟ್ಟಿಟ್ಟ ಬುತ್ತಿ. ಪಡುವಣ ಕಡೆಗೂ ಒಂದು ಪರದೆ ಇಳಿಬಿಟ್ಟೆವು, ಮೂರು ಗಂಟೆಯ ಬಿಸಿಲು ಓರೆಯಾಗಿ ಬಂದು ನೇರ ಪಕ್ಕೆಗೆ ಹೊಡೆಯುತ್ತಿತ್ತು.

ಬಯಲಿನ ಅಂಚಿನಲ್ಲಿ ಎರಡು ಹಲಸು, ಒಂದಷ್ಟು ಸಿಲ್ವರ್ ಓಕ್ ಮರ ಇವೆ. ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಮಾಡಿಸುವಾಗ ಅವನ್ನು ಮುಟ್ಟಬೇಡಿ ಅಂದೆ. ಸಿಲ್ವರ್ ನೆರಳು ಜಾಳು, ಹಲಸಿನದು ದಟ್ಟ, ಮತ್ತು ಕುದುರೆಗೆ ಅದು ನಮಗಿಂತ ಚೆನ್ನಾಗಿ ಗೊತ್ತು. ಹಣ್ಣು ಬೀಳುವ ಕಾಲದಲ್ಲಿ ಮಾತ್ರ ದಿನಾ ಬೆಳಿಗ್ಗೆ ಆರಿಸಿಬಿಡಬೇಕು, ಇಲ್ಲದಿದ್ದರೆ ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಾಳೆ.

ನೆರಳಿಗಿಂತ ಹೆಚ್ಚು ಫಲ ಕೊಟ್ಟದ್ದು ನೀರು. ಇದನ್ನು ಹೇಳಿಕೊಟ್ಟವರು ಹಾಸನದಲ್ಲಿ ಹಿಂದೆ ಜಟಕಾ ಓಡಿಸುತ್ತಿದ್ದ ಹಿರಿಯರೊಬ್ಬರು, ನಾವೆಲ್ಲ ಭಾಯ್ ಅಂತಲೇ ಕರೆಯುವುದು. ಲಾಳ ಹೊಡೆಯಲು ಬಂದಿದ್ದವರು ಕಾಡಿಗೆಯ ಬೆನ್ನು ನೋಡಿ, "ಗೌಡ್ರೇ, ಬರೀ ಬಿಸಿಲು ಇಷ್ಟು ಕೆಡಿಸಲ್ಲ. ಬೆವರು ಜೊತೆ ಸೇರಿದೆ" ಅಂದರು. ನಾನು ನಂಬಲಿಲ್ಲ. ಅವರು ಜೀನು ತರಿಸಿ ಬೆನ್ನ ಮೇಲಿಟ್ಟರು. ಕೆಂಪಾದ ಜಾಗದ ಗೆರೆ ಜೀನಿನ ಅಡಿ ಹಾಕುವ ಬಟ್ಟೆಯ ಅಂಚಿಗೆ ಸರಿಯಾಗಿ ಕೂತಿತು, ಮೂಲೆಯ ತಿರುವು ಕೂಡ. ಹೊಟ್ಟೆಪಟ್ಟಿ ಬಿಗಿಯುವ ಜಾಗದಲ್ಲೂ ಒಂದು ಪಟ್ಟೆ. ಸವಾರಿ ಮಾಡುವಾಗ ಬಟ್ಟೆಯ ಅಡಿಗೆ ಬಿಸಿಲು ಬೀಳುವುದೇ ಇಲ್ಲ, ಆದರೂ ಅಲ್ಲೇ ಎಲ್ಲಕ್ಕಿಂತ ಜಾಸ್ತಿ ಕೆಂಪು! ಸವಾರಿ ಮುಗಿಸಿ, ಜೀನು ಇಳಿಸಿ, ಬೆವರಿನ ಮೈಯಲ್ಲೇ ಬಿಸಿಲಿಗೆ ಬಿಟ್ಟರೆ ಹೀಗಾಗುವುದು ಅಂದರು ಭಾಯ್.

ಕುದುರೆ ಬೆವರಿನಲ್ಲಿ ಉಪ್ಪು ಬಹಳ. ನಮ್ಮ ಬೆವರು ರಕ್ತಕ್ಕಿಂತ ತೆಳು, ಕುದುರೆಯದು ರಕ್ತಕ್ಕಿಂತಲೂ ಉಪ್ಪು. ಜೊತೆಗೆ ಲ್ಯಾಥರಿನ್ ಅನ್ನುವ ಒಂದು ಪ್ರೋಟೀನ್ ಇರುವುದರಿಂದ ಸೋಪಿನ ಹಾಗೆ ನೊರೆ ಬರುತ್ತದೆ. ಆ ಉಪ್ಪು ಕೂದಲ ಮೇಲೆ ಒಣಗಿ, ಅದರ ಮೇಲೆ ಬಿಸಿಲು ಬಿದ್ದರೆ ಬಣ್ಣ ಬೇಗ ಹೋಗುತ್ತದೆ.

ಅಲ್ಲಿಂದ ನಮ್ಮ ಮನೆಯಲ್ಲಿ ನಿಯಮ ಬದಲಾಯಿತು. ಸವಾರಿ ಮುಗಿದ ಮೇಲೆ ಸ್ವಲ್ಪ ಹೊತ್ತು ನಡೆಸಿ, ಉಸಿರು ಹಿಡಿತಕ್ಕೆ ಬಂದ ಮೇಲೆ, ಬರೀ ನೀರಿನಲ್ಲಿ ಮೈ ತೊಳೆಯುವುದು. ಕಾಲಿನಿಂದ ಶುರುಮಾಡಿ ಮೇಲಕ್ಕೆ ಹೋಗುವುದು. ಸೋಪು ಬೇಡ, ಶಾಂಪೂ ಬೇಡ. ದಿನಾ ಶಾಂಪೂ ಹಾಕಿದರೆ ಚರ್ಮದ ಜಿಡ್ಡು ಹೋಗಿ ಕೂದಲು ಒಣಕಲಾಗುತ್ತದೆ. ಜೀನಿನ ಜಾಗ, ಹೊಟ್ಟೆಪಟ್ಟಿ ಜಾಗ, ಕಿವಿಯ ಹಿಂದೆ ಕಡಿವಾಣದ ಪಟ್ಟಿ ಕೂರುವ ಜಾಗ, ಮುಂಗಾಲು ಮತ್ತು ಹಿಂಗಾಲುಗಳ ಸಂದಿ, ಇವುಗಳನ್ನು ಕೈಯಿಂದ ಉಜ್ಜಿ, ಇಳಿಯುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಮೊದಮೊದಲು ಬರುವ ನೀರು ಬೂದು ಬಣ್ಣಕ್ಕಿರುತ್ತದೆ, ಬೆರಳಿಗೆ ಜಾರು ಜಾರು ಅನ್ನಿಸುತ್ತದೆ, ಆ ಜಾರು ಹೋದರೆ ಬೆವರು ಹೋಯಿತು ಅಂತ ಅರ್ಥ. ಆಮೇಲೆ ನೀರು ಬಳಿಯುವ ಪಟ್ಟಿಯಿಂದ ಮೈಮೇಲಿನ ನೀರು ತೆಗೆದು ನೆರಳಲ್ಲೇ ಒಣಗಿಸಬೇಕು. ಒದ್ದೆ ಮೈ ಬಿಸಿಲಿಗೆ ಒಣಗಲಿ ಅಂತ ಹೊರಗೆ ಕಟ್ಟುವುದು ಎಲ್ಲರ ಅಭ್ಯಾಸ, ತೊಳೆದದ್ದೂ ದಂಡ ಆಗುತ್ತದೆ. ಜೀನಿನ ಅಡಿಯ ಬಟ್ಟೆಯನ್ನೂ ಒಗೆಯಬೇಕು, ಮರೆಯಬೇಡಿ, ಹಳೇ ಬೆವರು ಅದರಲ್ಲೇ ಕೂತಿರುತ್ತದೆ.

ಇನ್ನು ಹೊದಿಕೆ. ಹೊರಗಿನಿಂದ ತರಿಸುವ ತೆಳು ಬಲೆಯ ಹೊದಿಕೆಗಳು ಸಿಗುತ್ತವೆ, ಬಿಸಿಲಿನ ಕಿರಣ ತಡೆಯುವಂಥವು, ನೊಣವನ್ನೂ ತಡೆಯುತ್ತವೆ. ಬೆಲೆ ಕೇಳಿ ಸುಮ್ಮನಾದೆ. ಪೇಟೆಯಲ್ಲಿ ನಮಗೆ ಪರಿಚಯದ ದರ್ಜಿಯೊಬ್ಬರಿದ್ದಾರೆ, ಅವರ ಹತ್ತಿರ ಹೋಗಿ ಕುದುರೆಗೊಂದು ಅಂಗಿ ಹೊಲಿಯಬೇಕು ಅಂದೆ. ಅವರು ಟೇಪು ಕೊರಳಿಗೆ ಹಾಕಿಕೊಂಡು, "ಕಾಲರ್ ಬೇಕಾ ಸಾರ್?" ಅಂತ ಕೇಳಿದರು, ತಮಾಷೆಗೋ ನಿಜಕ್ಕೋ ಇವತ್ತಿಗೂ ಗೊತ್ತಿಲ್ಲ. ಬಿಳಿ ಹತ್ತಿ ಬಟ್ಟೆ, ನೇಯ್ಗೆ ಒತ್ತಾಗಿರುವುದು. ಜಾಳು ಬಟ್ಟೆಯಾದರೆ ಕಿರಣ ಒಳಗೆ ಹೋಗುತ್ತದೆ, ಗಾಢ ಬಣ್ಣದ್ದಾದರೆ ಸೆಕೆ ಹಿಡಿಯುತ್ತದೆ. ಅಳತೆ ಎದೆಯ ನಡುವಿನಿಂದ ಪಕ್ಕೆಯ ಮೇಲೆ ಹಾದು ಬಾಲದ ಬುಡದವರೆಗೆ. ಮೊದಲು ಹೊಲಿದದ್ದು ಹೆಗಲಿನ ಹತ್ತಿರ ಬಿಗಿಯಾಗಿ ಅಲ್ಲೇ ಕೂದಲು ಸವೆಯಿತು. ಕುದುರೆ ಹೆಜ್ಜೆ ಇಟ್ಟಾಗ ಹೆಗಲು ಮುಂದೆ ಬರುತ್ತದೆ, ಅದಕ್ಕೆ ಅಲ್ಲಿ ಎರಡು ನೆರಿಗೆ ಬಿಟ್ಟು, ಒಳಗೆ ನುಣುಪಾದ ಲೈನಿಂಗ್ ಬಟ್ಟೆ ಕೊಟ್ಟ ಮೇಲೆ ಸರಿಹೋಯಿತು. ಕಟ್ಟುವ ದಾರ ಎಲ್ಲಾದರೂ ಸಿಕ್ಕಿಕೊಂಡರೆ ಎಳೆತಕ್ಕೆ ಬಿಚ್ಚಿಕೊಳ್ಳುವಂತಿರಬೇಕು.

ಹೊದಿಕೆ ಹಾಕಿದ ಕುದುರೆಯನ್ನು ನೋಡಿ ನನ್ನ ಹೆಂಡತಿ, "ಮದುವೆಯಾಗಿ ಇಷ್ಟು ವರ್ಷಕ್ಕೆ ನನಗೊಂದು ಕೊಡೆ ತಂದವರಲ್ಲ ನೀವು" ಅಂದಳು. ಅದಕ್ಕೆ ಉತ್ತರ ಇರಲಿಲ್ಲ.

ಇದರಲ್ಲೊಂದು ಎಚ್ಚರ. ಹೊದಿಕೆಯ ಅಡಿ ಕುದುರೆ ಬೆವರಿದರೆ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ. ಕೈ ಒಳಗೆ ತೂರಿಸಿ ನೋಡಬೇಕು, ಒದ್ದೆ ಅನಿಸಿದರೆ ತೆಗೆದುಬಿಡಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ಇರುವ ಬೆಳಗಿಗೆ ಸರಿ. ಕಾಫಿ ಹೂವಿಗೆ ಮಳೆ ಬಿದ್ದ ಮಾರನೇ ದಿನ ಒಂಥರಾ ಧಗೆ ಬರುತ್ತದಲ್ಲ, ಅವತ್ತು ಹಾಕುವುದೇ ಬೇಡ.

ಮೇವಿನ ವಿಷಯಕ್ಕೆ ಬರೋಣ, ಇದು ನನಗೆ ಹೊಸದು. ಮೆಲನಿನ್ ತಯಾರಾಗಲು ಟೈರೊಸಿನೇಸ್ ಅನ್ನುವ ಕಿಣ್ವ ಬೇಕು, ಅದು ಕೆಲಸ ಮಾಡಲು ತಾಮ್ರ ಬೇಕು. ತಾಮ್ರ ಕಡಿಮೆಯಾದರೆ ಕಪ್ಪು ಕೂದಲು ಹುಟ್ಟುವಾಗಲೇ ಮಂಕು. ಜೊತೆಗೆ ಸತುವೂ ಬೇಕು. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2007ರಲ್ಲಿ ಹೊರತಂದ ಪಟ್ಟಿಯ ಪ್ರಕಾರ ಕೆಲಸವಿಲ್ಲದ 500 ಕೆಜಿ ಕುದುರೆಗೆ ದಿನಕ್ಕೆ 100 ಮಿಲಿಗ್ರಾಂ ತಾಮ್ರ, 400 ಮಿಲಿಗ್ರಾಂ ಸತು ಬೇಕು. ನಮ್ಮ ಮೇವು ಕಡೂರು ಕಡೆಯಿಂದ ಬರುವ ರಾಗಿ ಹುಲ್ಲು, ಬಯಲಿನ ಹಸಿ ಹುಲ್ಲು, ಬೇಯಿಸಿದ ಹುರುಳಿ, ಸ್ವಲ್ಪ ತೌಡು. ಹುರುಳಿಯಲ್ಲಿ ಪ್ರೋಟೀನ್ ಇದೆ, ಒಣ ಹುಲ್ಲಿನಲ್ಲಿ ಖನಿಜ ಕಡಿಮೆ. ತೌಡಿನಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಡಿಮೆ, ಹಾಗಾಗಿ ಅದನ್ನು ಅಳತೆ ಮೀರಿ ಕೊಡಬೇಡಿ ಅಂದರು ಡಾಕ್ಟರು. ಕಬ್ಬಿಣದ ಅಂಶ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಹೊಟ್ಟೆಗೆ ಹೋದರೆ ಅದು ತಾಮ್ರ, ಸತುಗಳಿಗೆ ಅಡ್ಡ ಬರಬಹುದು ಅಂತಲೂ ಹೇಳಿದರು. ನಮ್ಮದು ಕೆಂಪು ಮಣ್ಣು, ಬೋರಿನ ನೀರು ತೊಟ್ಟಿಯಲ್ಲಿ ನಿಂತರೆ ತುಕ್ಕಿನ ಕರೆ ಕಟ್ಟುತ್ತದೆ. ಕುಡಿಯಲು ಬಾವಿ ನೀರಿಗೆ ಬದಲಾಯಿಸಿದೆವು, ಹುಲ್ಲನ್ನು ಕೊಡವಿ ಹಾಕತೊಡಗಿದೆವು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಮೈಲುತುತ್ತದ ಚೀಲ ಇರುತ್ತದೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು. ಮೈಲುತುತ್ತ ಅಂದರೆ ತಾಮ್ರವೇ ತಾನೇ, ಒಂದು ಚಿಟಿಕೆ ಹುರುಳಿಗೆ ಹಾಕಿದರಾಯಿತು ಅಂತ ಸಲಹೆ ಕೊಟ್ಟವರಿದ್ದಾರೆ. ದಯವಿಟ್ಟು ಬೇಡ. ಅದರ ಕಾಲು ಭಾಗ ತಾಮ್ರ. ಒಂದು ಗ್ರಾಂನಲ್ಲಿ 250 ಮಿಲಿಗ್ರಾಂ ಆಯಿತು, ಕುದುರೆಗೆ ಎರಡೂವರೆ ದಿನಕ್ಕೆ ಬೇಕಾದಷ್ಟು. ಚಿಟಿಕೆಯಲ್ಲಿ ಎಷ್ಟಿರುತ್ತದೆ ಅಂತ ತೂಕ ಮಾಡಿದವರು ಯಾರು? ಸಿಂಪಡಣೆಯ ಪುಡಿ ಮೇವಿಗೆಂದು ಮಾಡಿದ್ದೂ ಅಲ್ಲ. ಕುದುರೆ ಸ್ವಲ್ಪ ಹೆಚ್ಚುಕಡಿಮೆ ತಡೆದುಕೊಳ್ಳಬಹುದು, ಆದರೆ ಪಕ್ಕದಲ್ಲೇ ಕಟ್ಟಿದ ಕುರಿ ಆ ಬಕೆಟ್ ನೆಕ್ಕಿದರೆ ಕಥೆ ಮುಗಿಯಿತು, ಕುರಿಗೆ ತಾಮ್ರ ತೀರಾ ಆಗಿಬರುವುದಿಲ್ಲ.

ನಾವು ಕೊಟ್ಟದ್ದು ಡಾಕ್ಟರು ಬರೆದುಕೊಟ್ಟ ಕುದುರೆಗಳದ್ದೇ ಖನಿಜ ಮಿಶ್ರಣ. ದನದ್ದು, ಕೋಳಿಯದ್ದು ಆಗುವುದಿಲ್ಲವಾ ಅಂತ ಕೇಳಿದ್ದಕ್ಕೆ ಅವರು ಸ್ವಲ್ಪ ಜೋರಾಗಿಯೇ ಬೇಡ ಅಂದರು. ಕೋಳಿ ಆಹಾರದಲ್ಲಿ, ಕೆಲವು ದನದ ಆಹಾರದಲ್ಲಿ ಮೊನೆನ್ಸಿನ್ ಅನ್ನುವ ಔಷಧ ಸೇರಿಸಿರುತ್ತಾರೆ, ಅದು ಕುದುರೆಯ ಹೃದಯಕ್ಕೆ ವಿಷ. ಇದರ ಜೊತೆಗೆ ಅಗಸೆ ಬೀಜ, ಅವತ್ತವತ್ತೇ ಪುಡಿ ಮಾಡಿ ಒಂದು ಹಿಡಿ. ಹೊಳಪು ಬಂದದ್ದು ಅದರಿಂದಲೇ ಅಂತ ನನ್ನ ನಂಬಿಕೆ. ಮೈಯಲ್ಲಿ ಜಿಡ್ಡು ಚೆನ್ನಾಗಿದ್ದರೆ ಕೂದಲು ಗಟ್ಟಿ.

ಮೇವಿನಲ್ಲಿ ಹೊತ್ತು ಮುಖ್ಯ. ಹುಟ್ಟಿ ಆದ ಕೂದಲಿಗೆ ಇವತ್ತು ಕೊಟ್ಟ ತಾಮ್ರ ತಲುಪುವುದಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದಲ್ಲ, ಆ ಹೊತ್ತಿಗೆ ನಮ್ಮವಳ ಕೂದಲು ಉದುರುತ್ತದೆ, ರಬ್ಬರ್ ಬ್ರಶ್ಶಿನಲ್ಲಿ ಉಜ್ಜಿದರೆ ಕಂತೆ ಕಂತೆ ಬರುತ್ತದೆ. ಇನ್ನೊಂದು ಸಲ ನವರಾತ್ರಿ ಆಸುಪಾಸು. ಹಗಲು ಉದ್ದ ಆಗುವುದು, ಗಿಡ್ಡ ಆಗುವುದನ್ನು ನೋಡಿ ಕುದುರೆ ಕೂದಲು ಬದಲಿಸುವುದು. ನಮ್ಮಲ್ಲಿ ಹಗಲಿನ ವ್ಯತ್ಯಾಸ ಕಡಿಮೆ, ಹಾಗಾಗಿ ಚಳಿದೇಶದ ಕುದುರೆಗಳಷ್ಟು ಎದ್ದು ಕಾಣುವುದಿಲ್ಲ, ಆದರೂ ಗೊತ್ತಾಗುತ್ತದೆ. ಹೊಸ ಕೂದಲು ಬರುವುದಕ್ಕೆ ಒಂದೆರಡು ತಿಂಗಳ ಮುಂಚಿನಿಂದಲೇ ಖನಿಜ ಶುರುಮಾಡಬೇಕು.

ಕೆಂಪು ಮೆಣಸಿನಪುಡಿ ಕೊಟ್ಟರೆ ಕುದುರೆ ಕಪ್ಪಾಗುತ್ತದೆ ಅನ್ನುವ ಮಾತನ್ನು ನೀವೂ ಕೇಳಿರಬಹುದು. ಹೊರದೇಶದಲ್ಲಿ ಪಾಪ್ರಿಕಾ ಅನ್ನುವ ಖಾರ ಕಡಿಮೆಯ ಪುಡಿ ಕೊಡುತ್ತಾರಂತೆ. ನಮ್ಮ ಹುಡುಗ ಅದನ್ನು ಕೇಳಿದ್ದೇ ತಡ, "ಹಾಗಾದರೆ ಬ್ಯಾಡಗಿ ಹಾಕೋಣ್ವಾ ಅಣ್ಣ?" ಅಂದ. ಬೇಡಪ್ಪಾ. ಮೆಣಸಿನಲ್ಲಿರುವ ಕ್ಯಾಪ್ಸೈಸಿನ್ ಕುದುರೆ ಸ್ಪರ್ಧೆಗಳಲ್ಲಿ ನಿಷೇಧಿತ ವಸ್ತು, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅದು ಪತ್ತೆಯಾಗಿ ಕೆಲವು ಜಿಗಿತದ ಕುದುರೆಗಳನ್ನು ಸ್ಪರ್ಧೆಯಿಂದ ಹೊರಗಿಟ್ಟಿದ್ದರು. ನಮ್ಮದು ಸ್ಪರ್ಧೆಯ ಕುದುರೆಯಲ್ಲ, ಆದರೂ ಹುರುಳಿಗೆ ಒಗ್ಗರಣೆ ಹಾಕುವ ಆಸೆ ನನಗಿಲ್ಲ.

ಕೊಬ್ಬರಿ ಎಣ್ಣೆ ಹಚ್ಚಿದರೆ ಧೂಳು ಕೂರುತ್ತದೆ, ಸಂಜೆ ಜೂಲಿಗೆ ಸ್ವಲ್ಪ ಹಚ್ಚಿ ಬಾಚುವುದಕ್ಕಷ್ಟೇ ಅದು ಸರಿ. ಮದುವೆ ಮೆರವಣಿಗೆಗೆ ಕುದುರೆ ಕೊಡುವವರೊಬ್ಬರು ತಲೆಗೂದಲಿನ ಡೈ ಹಚ್ಚಿ, ಅರ್ಧ ಗಂಟೆಯ ಕೆಲಸ ಅಂದರು. ಅವರ ಕುದುರೆಯ ಕುತ್ತಿಗೆಯಲ್ಲಿ ಗುಳ್ಳೆಗಳಿದ್ದವು. ಡೈಯಿಂದಲೇ ಅಂತ ನಾನು ಹೇಳಲಾರೆ, ಆದರೆ ಆ ಕಪ್ಪು ಡೈಗಳಲ್ಲಿರುವ ರಾಸಾಯನಿಕ ಮನುಷ್ಯರಿಗೇ ಎಷ್ಟೋ ಜನಕ್ಕೆ ಅಲರ್ಜಿ ಮಾಡುತ್ತದೆ.

ಫಲ ಏನಾಯಿತು ಅಂದರೆ, ಆ ವರ್ಷ ಮಳೆಗಾಲ ಮುಗಿದು ಬಂದ ಕೂದಲು ಬುಡದಿಂದ ತುದಿವರೆಗೆ ಕಪ್ಪಾಗಿತ್ತು. ಮುಂದಿನ ಏಪ್ರಿಲ್‌ನಲ್ಲಿ ಪಕ್ಕೆಯ ಮೇಲೆ ಸ್ವಲ್ಪ ಕಂದು ಛಾಯೆ ಬಂತು, ಬಿಸಿಲಿಗೆ ಓರೆ ಹಿಡಿದು ನೋಡಿದರೆ ಮಾತ್ರ ಕಾಣುವಷ್ಟು. ಜೀನಿನ ಗುರುತು ಮತ್ತೆ ಬರಲಿಲ್ಲ. ಜೂಲಿನ ತುದಿ, ಬಾಲದ ತುದಿ ಈಗಲೂ ಕೆಂಪು. ಆ ಕೂದಲು ಮೈಕೂದಲಿನ ಹಾಗೆ ವರ್ಷಕ್ಕೆರಡು ಸಲ ಬದಲಾಗುವುದಿಲ್ಲ, ವರ್ಷಗಟ್ಟಲೆ ಬಿಸಿಲು ಕುಡಿದಿರುತ್ತದೆ. ಜೂಲನ್ನು ಜಡೆ ಹಾಕಿ ಬಿಟ್ಟರೆ ಒಳಗಿನ ಕೂದಲಾದರೂ ಉಳಿಯುತ್ತದೆ ಅಂತ ಮಗಳು ರಜೆಯಲ್ಲೆಲ್ಲ ಜಡೆ ಹಾಕುತ್ತಾಳೆ. ಬಾಲಕ್ಕೆ ಚೀಲ ಕಟ್ಟುವವರಿದ್ದಾರೆ, ನಾನು ಕಟ್ಟಿಲ್ಲ. ನೊಣ ಓಡಿಸಲು ಅವಳಿಗೆ ಬಾಲ ಬೇಕು.

ಕಡು ಕಂದು ಕುದುರೆ ಇರುವವರಿಗೂ ಇದೇ ಕ್ರಮ ನಡೆಯುತ್ತದೆ, ಬಿಸಿಲಿಗೆ ಅವೂ ಮಂಕಾಗುತ್ತವೆ. ಎಲ್ಲ ಒಟ್ಟಿಗೆ ಮಾಡಲು ಆಗದಿದ್ದರೆ ಬೆವರು ತೊಳೆಯುವುದರಿಂದ ಶುರುಮಾಡಿ, ಅದಕ್ಕೆ ಖರ್ಚೇ ಇಲ್ಲ. ಮುಖದ ಮೇಲೆ ಬಿಳಿ ಪಟ್ಟೆ, ಗುಲಾಬಿ ಮೂತಿ ಇರುವ ಕುದುರೆಯಾದರೆ ಬಣ್ಣದ ಚಿಂತೆ ಆಮೇಲೆ, ಮೊದಲು ಆ ಮೂತಿ ನೋಡಿ. ಅಲ್ಲಿ ಚರ್ಮವೇ ಸುಟ್ಟು ಸಿಪ್ಪೆ ಏಳುತ್ತದೆ. ಜಿಂಕ್ ಆಕ್ಸೈಡ್ ಮುಲಾಮು ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ, ಬೆಳಿಗ್ಗೆ ಬಿಡುವ ಮುಂಚೆ ದಪ್ಪಗೆ ಹಚ್ಚಿ.